ಸಟಾಣಾದಿಂದ ತಂದ ಬಂದೂಕು

ಮದುವೆಯಾಗಿ ನಾನು ಔರಂಗಾಬಾದಿಗೆ ಬಂದಾಗ ಅತ್ತೆ ತೀರಿಕೊಂಡು ಕೆಲವು ವರ್ಷವಾಗಿತ್ತು. ಊರಿಗೆ ಆಗಿನ್ನೂ ಹಳೆಯ ಹೆಸರೇ ಇತ್ತು. ನಮ್ಮವರು ವಾಳೂಜಿನಲ್ಲಿ ಮೋಟಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುತ್ತಿದ್ದರು. ಬೆಳಿಗ್ಗೆ ಅವರು ಕಂಪನಿ ಬಸ್ಸು ಹತ್ತಿದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಮಾವ. ಮಾವ ಕಲಬುರ್ಗಿ ಕಡೆಯವರು. ಕೇಂದ್ರ ಸರ್ಕಾರದ ನೌಕರಿಯಲ್ಲಿ ನಾಸಿಕಕ್ಕೆ ವರ್ಗವಾಗಿ ಬಂದು ಅಲ್ಲೇ ನಿವೃತ್ತರಾದವರು. ನಾನು ಬೀದರಿನವಳು. ಹೊಸ ಸೊಸೆ, ಹೆಂಡತಿ ಇಲ್ಲದ ಮಾವ, ಮಧ್ಯಾಹ್ನದ ಖಾಲಿ ಮನೆ, ಇಬ್ಬರಿಗೂ ಸಂಕೋಚ. ಅವರು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತರೆ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಆ ಸಂಕೋಚ ಬಿಡಿಸಿದ್ದು ಟಿ.ವಿ.ಯ ಮಧ್ಯಾಹ್ನದ ಸಿನಿಮಾ. ಒಂದು ದಿನ ಒಳಗಿನಿಂದಲೇ ಇಣುಕಿ ನೋಡುತ್ತಾ ನಿಂತಿದ್ದೆ. ಮಾವ ಹಿಂದೆ ತಿರುಗದೆಯೇ ಕರೆದರು.

"ಯವ್ವಾ, ಬಾಗಿಲದಾಗ ನಿಂತು ಯಾಕ ನೋಡ್ತಿ? ಬಾ, ಕೂಡು. ಡಾಕೂ ಈಗ ಊರಾಗ ಬರ್ಲಕತ್ತಾನ."

ಅಂದಿನಿಂದ ಅದು ನಮ್ಮ ನೇಮವಾಯಿತು. ಡಾಕುಗಳ, ಅಂದರೆ ದರೋಡೆಕೋರರ ಸಿನಿಮಾ, ರಾಜರ ಕಾಲದ ಸಿನಿಮಾ, ಹಿಂದಿ ಮಾತು ಹಚ್ಚಿದ ಕುದುರೆ ಸವಾರರ ಇಂಗ್ಲಿಷ್ ಸಿನಿಮಾ, ಏನು ಬಂದರೂ ನೋಡುತ್ತಿದ್ದೆವು. ಪೊಲೀಸರು ಪಿಸ್ತೂಲು ಹಿಡಿದು ಓಡುವ ಹೊಸ ಸಿನಿಮಾಗಳು ಮಾವನಿಗೆ ಸೇರುತ್ತಿರಲಿಲ್ಲ. "ಢಂ ಢಂ ಅಂತ ಹೊಡಕೋತ ಹೋಗ್ತಾರ. ಮಾತಿಗಿ ಟೈಮೇ ಇಲ್ಲ," ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಹಳೆಯ ಉದ್ದ ಬಂದೂಕು. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ಅರಿವೆ ತುರುಕಬೇಕು, ಸಲಾಕೆಯಿಂದ ಜಡಿಯಬೇಕು. ಅಷ್ಟರೊಳಗೆ ಶತ್ರು ಎದುರಿಗೆ ಬಂದು ನಿಂತು ತನ್ನ ಮಾತು ಹೇಳಿ ಮುಗಿಸಬೇಕು. ಆ ಜಡಿಯುವ ದೃಶ್ಯ ಬಂದರೆ ಮಾವನ ಕೈ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು.

ನನ್ನ ಆಸೆ ಬೇರೆ. ನಾನು ಗಮನಿಸಿದಂತೆ ಸಿನಿಮಾದಲ್ಲಿ ಪಿಸ್ತೂಲು ಯಾವಾಗಲೂ ಗಂಡಸರ ಸೊಂಟದಲ್ಲೇ ಇರುತ್ತದೆ. ಗೋಡೆಗೆ ತೂಗುಹಾಕಿದ ಹಳೆಯ ಬಂದೂಕು ಮಾತ್ರ ಕೊನೆಗೆ ಹೆಂಗಸಿನ ಕೈಗೆ ಬರುತ್ತದೆ. ಇಡೀ ಸಿನಿಮಾ ಅಳುತ್ತಾ ಇದ್ದವಳು ಸೆರಗು ಸಿಕ್ಕಿಸಿ ಅದನ್ನು ಇಳಿಸಿಕೊಂಡಳೆಂದರೆ ನನ್ನ ಮೈಯಲ್ಲಿ ಮುಳ್ಳು ಏಳುತ್ತಿತ್ತು. ಯಾರಿಗೂ ಎದುರು ಮಾತಾಡಿ ಗೊತ್ತಿಲ್ಲದವಳು ನಾನು. ಅಂಥದೊಂದು ಬಂದೂಕನ್ನು ಒಮ್ಮೆ ಭುಜಕ್ಕೆ ಆನಿಸಿ ನೋಡಬೇಕು ಎಂಬ ಹುಚ್ಚು ಯಾವಾಗ ಹತ್ತಿತೋ ತಿಳಿಯದು. ಮಾವನಿಗೆ ಹೇಳಿದರೆ ನಗಲಿಲ್ಲ. "ನನಗೂ ಹಂಗs ಅನಸ್ತದ," ಎಂದರು.

ಮಗಳು ಹುಟ್ಟಿ ಬಾಲವಾಡಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಸಟಾಣಾದಿಂದ ಕರೆ ಬಂತು. ಮಾವನ ಜೊತೆ ನಾಸಿಕದಲ್ಲಿ ಒಂದೇ ಕಚೇರಿಯಲ್ಲಿದ್ದ ಗೆಳೆಯರೊಬ್ಬರು ನಿವೃತ್ತಿಯ ನಂತರ ಸಟಾಣಾ ಹತ್ತಿರದ ತಮ್ಮ ಊರಿಗೆ ಹೋಗಿ ದಾಳಿಂಬೆ ತೋಟ ನೋಡಿಕೊಳ್ಳುತ್ತಿದ್ದರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ್ದರು, ಗೃಹಪ್ರವೇಶಕ್ಕೆ ಬರಲೇಬೇಕೆಂದರು. ನಮ್ಮವರಿಗೆ ರಜೆ ಸಿಗಲಿಲ್ಲ. ಮಾವ, ನಾನು, ಮಗಳು ಹೋದೆವು.

ಊಟವಾದ ಮೇಲೆ ಕಾಕಾ ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಹಳೆಯ ಮನೆಯ ಅಟ್ಟದಿಂದ ಇಳಿಸಿದ ಸಾಮಾನುಗಳನ್ನೆಲ್ಲ ಅಲ್ಲಿ ತಾಡಪತ್ರಿ ಹಾಸಿ ಇಟ್ಟಿದ್ದರು. ಹಿತ್ತಾಳೆಯ ಹಂಡೆ, ಮುರಿದ ತೊಟ್ಟಿಲು, ಅದರ ಪಕ್ಕದಲ್ಲಿ ಅದು. ನನ್ನ ಎದೆಯೆತ್ತರದ ಬಂದೂಕು. ನಳಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಮರದ ಹಿಡಿಯ ಮೇಲೆ ಹಿತ್ತಾಳೆಯ ಎರಡು ಹೂವು. ಜಡಿಯುವ ಸಲಾಕೆ ಕಳೆದುಹೋಗಿತ್ತು.

"ಠಾಸಣೀಚಿ ಬಂದೂಕ," ಎಂದರು ಕಾಕಾ. ಜಡಿದು ಹೊಡೆಯುವ ಬಂದೂಕಿಗೆ ಮರಾಠಿಯಲ್ಲಿ ಹಾಗೆ ಹೇಳುತ್ತಾರೆ. ಅವರ ತಂದೆಯ ಕಾಲದ್ದು. ಹೊಲಕ್ಕೆ ಬರುವ ಹಂದಿ ಹೊಡೆಯಲು ಇಟ್ಟುಕೊಂಡದ್ದು. ತಂದೆ ಹೋದ ಮೇಲೆ ಅದನ್ನು ಯಾರೂ ಹಾರಿಸಿರಲಿಲ್ಲ. ಮನೆಯ ಮದುವೆಗಳಲ್ಲಿ ಮಾತ್ರ ಕೆಳಗಿಳಿಸಿ ಮದುಮಗನ ಕೈಗೆ ಕೊಟ್ಟು ಫೋಟೋ ತೆಗೆಸುತ್ತಿದ್ದರಂತೆ. "ಹೊಸ ಮನೆಯಲ್ಲಿ ಇದಕ್ಕೆ ಜಾಗ ಇಲ್ಲ ಅಂತಾಳೆ ಇವಳು. ಗುಜರಿಯವನಿಗೆ ಹಾಕಬೇಕು," ಎಂದು ಹೆಂಡತಿಯ ಕಡೆ ಕೈ ತೋರಿಸಿ ಮರಾಠಿಯಲ್ಲಿ ಹೇಳಿದರು.

ಮಾವ ಬಗ್ಗಿ ಹಿತ್ತಾಳೆಯ ಹೂವಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಮಾತು ತೆಗೆದವಳು ನಾನು.

"ಮಾವಾರ, ನಮ್ಮ ಪಡಸಾಲಿ ಗ್ವಾಡಿಗಿ ಎಷ್ಟ್ ಛಂದ ಕಾಣ್ತದಲ್ರಿ ಇದು!"

ಅಷ್ಟೇ ಸಾಕಾಯಿತು. ಮಾವ ಗೆಳೆಯನ ಮುಖ ನೋಡಿದರು, ಗೆಳೆಯ ನಕ್ಕು "ಒಯ್ಯಿ ಮಾರಾಯ" ಎಂಬಂತೆ ಕೈ ಬೀಸಿದರು.

ಅದನ್ನು ಹಳೆಯ ಕೌದಿಯಲ್ಲಿ ಸುತ್ತಿ ಮೂರು ಕಡೆ ಹಗ್ಗ ಕಟ್ಟಿದೆವು. ಸಟಾಣಾದಿಂದ ನಾಸಿಕಕ್ಕೆ ಬರುವ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರು ಅದೇನೆಂದು ಕೇಳಿದ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. "ತಂಬೂರಿ, ಭಜನೆದು," ಎಂದುಬಿಟ್ಟೆ, ನನಗೆ ಬರುವ ಹರಕು ಮರಾಠಿಯಲ್ಲಿ. ಆತ ಮಾವನಿಗೆ ಕೈ ಮುಗಿದು, "ಬಸಾ ಮಾವುಲಿ," ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಪಂಢರಪುರಕ್ಕೆ ನಡೆದುಹೋಗುವ ವಾರಕರಿ ಎಂದುಕೊಂಡಿರಬೇಕು, ಅವರನ್ನೇ ಹಾಗೆ ಮಾವುಲಿ ಎಂದು ಕರೆಯುವುದು. ನಾಸಿಕ ಬರುವವರೆಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ನಗು ಬರುತ್ತಿತ್ತು, ಅದರ ಹಿಂದೆಯೇ ಪಾಪ ಮಾಡಿದಂತೆಯೂ ಅನಿಸುತ್ತಿತ್ತು. ನಾಸಿಕದಲ್ಲಿ ಬಸ್ಸು ಬದಲಿಸಿದೆವು. ಮಗಳು ಊರು ಮುಟ್ಟುವತನಕ ಆ ಗಂಟಿನ ಮೇಲೆ ಕಾಲು ಚಾಚಿಕೊಂಡು ನಿದ್ದೆ ಮಾಡಿದಳು.

ನಮ್ಮವರು ನೋಡಿ ಹುಬ್ಬು ಗಂಟಿಕ್ಕಿದರು. "ಅಪ್ಪಾ, ಲೈಸೆನ್ಸ್ ಇಲ್ದ ಬಂದೂಕ ತಂದೀರಲ್ಲ. ಪೊಲೀಸರು ಬಂದ್ರ ಏನ್ ಹೇಳ್ತೀರಿ?"

"ಇದು ಬಂದೂಕಲ್ಲೋ, ಬಂದೂಕಿನ ಮುತ್ತ್ಯಾ," ಎಂದರು ಮಾವ. "ಜಂಗು ತಿಂದು ಕೂತದ. ಇದರಿಂದ ಕಾಗಿನೂ ಹಾರಲ್ಲ."

ನಮ್ಮವರಿಗೆ ಒಳಗೊಳಗೆ ಇಷ್ಟವಾಗಿತ್ತು. ಬಿಡುವಾದಾಗ ತಾವೇ ಉಜ್ಜಿ ಎಣ್ಣೆ ಹಚ್ಚಿ ಗೋಡೆಗೆ ಹಾಕುವುದಾಗಿ ಹೇಳಿ, ಅಲ್ಲಿಯವರೆಗೆ ಕಪಾಟಿನ ಹಿಂದೆ ಇರಲಿ ಎಂದರು. ಆದರೆ ಅವರಿಗೆ ಬಿಡುವಾಗಲಿಲ್ಲ, ದೀಪಾವಳಿಯ ಮುಂದಿನ ಓವರ್‌ಟೈಮ್ ಶುರುವಾಗಿತ್ತು. ಬಂದೂಕೂ ಕಪಾಟಿನ ಹಿಂದೆ ಉಳಿಯಲಿಲ್ಲ. ಅವರ ಬಸ್ಸು ತಿರುವಿನಲ್ಲಿ ಮರೆಯಾಗಿ ಸಿನಿಮಾ ಶುರುವಾದರೆ ಸಾಕು, ಮಾವ ಅದನ್ನು ತಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕ್ಲೈಮ್ಯಾಕ್ಸ್ ಬಂದಾಗ ನನ್ನ ಸರದಿ. ಎಷ್ಟು ಭಾರ ಅದು! ಸಿನಿಮಾದ ಹೆಂಗಸರು ಒಂದೇ ಕೈಯಲ್ಲಿ ಎತ್ತುತ್ತಾರೆ. ನನಗೆ ಎರಡೂ ಕೈ ನಡುಗುತ್ತಿದ್ದವು. ಮೇಲಿನ ಕುದುರೆಯನ್ನು, ಅಂದರೆ ಹಿಂದಕ್ಕೆಳೆದರೆ ಕಚ್ಚಿ ನಿಂತು ಟ್ರಿಗರ್ ಒತ್ತಿದರೆ ಬಡಿಯುವ ಕಬ್ಬಿಣದ ಕೊಕ್ಕೆಯನ್ನು, ಮಾವ ಕೊಬ್ಬರಿ ಎಣ್ಣೆ ಬಿಟ್ಟು ಬಿಟ್ಟು ಸಡಿಲ ಮಾಡಿದ್ದರು. ಅದು ಬಡಿಯುವ ಜಾಗದಲ್ಲಿ, ನಳಿಗೆಯ ಬುಡಕ್ಕೆ, ಒಂದು ಪುಟ್ಟ ಉಬ್ಬು. ಉಬ್ಬಿಗೊಂದು ಸೂಜಿತೂತು.

ದೀಪಾವಳಿ ಮುಗಿದ ವಾರ. ಮಗಳ ಆಟದ ಪಿಸ್ತೂಲಿಗೆ ನಮ್ಮವರು ತಂದ ಟಿಕಳಿ, ಕೆಂಪು ಕಾಗದದ ಮೇಲಿನ ಮದ್ದಿನ ಚುಕ್ಕೆಗಳು, ಇನ್ನೂ ಉಳಿದಿದ್ದವು. ಟಿ.ವಿ.ಯಲ್ಲಿ ಒಬ್ಬ ವಿಧವೆ ಡಾಕುವಿನ ಎದುರು ಬಂದೂಕು ಹಿಡಿದು ನಿಂತಿದ್ದಳು. ನಾನೂ ನಿಂತಿದ್ದೆ. ನನ್ನದು ಬರೀ ಟಕ್ ಎಂದಿತು. ಬೇಸರವಾಯಿತು. ಒಂದು ಟಿಕಳಿ ಹರಿದು ಆ ಉಬ್ಬಿನ ಮೇಲೆ ಅಂಟಿಸಿದರೆ ಸಪ್ಪಳ ಬರುತ್ತದಲ್ಲ ಎಂದು ಹೊಳೆದದ್ದು ನನಗೇ.

"ಮಾವಾರ, ನೀವು ಡಾಕೂ ಆಗ್ರಿ."

ಮಾವ ಟವೆಲು ತಲೆಗೆ ಸುತ್ತಿಕೊಂಡು ಸೋಫಾದ ಮೇಲೆ ಎದೆ ಉಬ್ಬಿಸಿ ಕೂತರು. ನಾನು ಗುರಿ ಹಿಡಿದು ಒತ್ತಿದೆ. ಚಟ್ ಎಂದಿತು, ಹೊಗೆ ಎದ್ದಿತು. ಮಾವ ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಸೋಫಾದಿಂದ ನಿಧಾನವಾಗಿ ಕೆಳಗೆ ಜಾರಿದರು.

"ಆಜೋಬಾ ಮೇಲೆ! ಆಜೋಬಾ ಮೇಲೆ!" ಅಜ್ಜ ಸತ್ತ ಎಂದು ಮಗಳು ಚಪ್ಪಾಳೆ ತಟ್ಟಿ ಕುಣಿದಳು. ಇನ್ನೊಮ್ಮೆ ಮಾಡಿರೆಂದು ಹಟ ಹಿಡಿದಳು. ಇನ್ನೊಮ್ಮೆ ಮಾಡಿದೆವು. ಆಮೇಲೆ ತಾನೂ ಸಾಯಬೇಕೆಂದಳು. "ಮಲಾ ಪಣ!" ಎನ್ನುತ್ತಾ ಅಜ್ಜನ ತೊಡೆಯೇರಿ ಕೂತಳು. ನಾನು ಹೊಸ ಟಿಕಳಿ ಹಚ್ಚಿ ಇಬ್ಬರಿಗೂ ಗುರಿ ಹಿಡಿದೆ. ನನಗೂ ನಗು ತಡೆಯಲಾಗುತ್ತಿರಲಿಲ್ಲ. ಒತ್ತಿದೆ. ಇಬ್ಬರೂ ಒಟ್ಟಿಗೆ ಸತ್ತರು.

ಅದಾಗಿ ಕೆಲವು ದಿನಗಳ ಮೇಲೆ ನಮ್ಮವರಿಗೆ ವಾರದ ರಜೆ ಸಿಕ್ಕಿತು. ಬಂದೂಕನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಯ್ದರು. ನಳಿಗೆ ಒಳಗಿನಿಂದ ಒರೆಸಲು ಪರದೆಯ ಕಬ್ಬಿಣದ ಸರಳಿಗೆ ಅರಿವೆ ಸುತ್ತಿ ಇಳಿಸಿದರು. ನಾನು ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದೆ, ಮಾವ ನೆರಳಲ್ಲಿ ಕೂತಿದ್ದರು. ಸರಳು ಒಂದು ಕಡೆ ನಿಂತಿತು. ನಮ್ಮವರು ಅಲ್ಲಿಗೆ ಬೆರಳು ಹಿಡಿದು, ಸರಳನ್ನು ಹೊರತೆಗೆದು ನಳಿಗೆಯ ಹೊರಗೆ ಇಟ್ಟು ಹೋಲಿಸಿದರು. ದಿನವಿಡೀ ಅಳತೆ ನೋಡುವ ಕೆಲಸವಲ್ಲವೇ ಅವರದು.

"ಅಪ್ಪಾ, ಬುಡಕ ಒಂದು ಗೇಣು ಏನೋ ತುಂಬ್ಯದ. ಕಡಜ ಗೂಡು ಕಟ್ಟ್ಯಾವೇನೋ."

ಸರಳಿನ ತುದಿಗೆ ಉದ್ದ ಸ್ಕ್ರೂ ಕಟ್ಟಿ ತಿರುಗಿಸಿ ಎಳೆದರು. ಮಣ್ಣು ಬರಲಿಲ್ಲ. ಅರಿವೆಯ ಉಂಡೆ ಬಂತು, ಕಪ್ಪಾದ ಧೋತರದ ಚೂರು. ನಳಿಗೆ ಬಗ್ಗಿಸಿದಾಗ ಸಾಬೂದಾಣಿಯ ಗಾತ್ರದ ಸೀಸದ ಗುಂಡುಗಳು ಪೇಪರಿನ ಮೇಲೆ ಉರುಳಿದವು. ಮತ್ತೆ ಅರಿವೆ. ಅದರ ಹಿಂದೆ ಕರೀ ಪುಡಿ. ನಮ್ಮವರು ಒಂದು ಚಿಟಿಕೆ ಪುಡಿಯನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿ, ದೂರ ಇಟ್ಟು, ಊದಿನಕಡ್ಡಿಯ ಕಿಡಿ ಮುಟ್ಟಿಸಿದರು. ಬುಸ್ ಎಂದು ಮೊಳದುದ್ದ ಬೆಂಕಿ ಎದ್ದು ಮುಚ್ಚಳ ಕಪ್ಪಾಯಿತು.

ಅಷ್ಟು ವರ್ಷ ಅಟ್ಟದಲ್ಲಿ ಬಿದ್ದಿದ್ದರೂ ಮದ್ದು ಕೆಟ್ಟಿರಲಿಲ್ಲ. ನಾನು ನನ್ನ ಮಗಳ ಕಡೆ, ಮಾವನ ಕಡೆ ಹಿಡಿದಾಗ ಬಂದೂಕು ತುಂಬಿಯೇ ಇತ್ತು. ನಮ್ಮವರು ಸೂಜಿ ತರಿಸಿ ಉಬ್ಬಿನ ತೂತಿಗೆ ಹಾಕಿ ನೋಡಿದರು. ಸೂಜಿ ಹೋಗಲಿಲ್ಲ. ತೂತಿನ ಬಾಯಿಗೆ ಜಂಗು ಕಟ್ಟಿತ್ತು. ಟಿಕಳಿಯ ಕಿಡಿ ಅದರಾಚೆ ದಾಟಿರಲಿಲ್ಲ. ಇಲ್ಲದಿದ್ದರೆ ಕಿಡಿ ಒಳಗಿನ ಮದ್ದಿಗೆ ತಾಗುತ್ತಿತ್ತು.

ನಮ್ಮವರಿಗೆ ಟಿಕಳಿಯ ವಿಷಯ ಇನ್ನೂ ತಿಳಿಯದು. ಮಾವ ನನ್ನ ಕಡೆ ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದರು. ನಾನು ಹಸಿ ಬಟ್ಟೆಯ ಬಕೀಟಿನ ಪಕ್ಕ ಕೂತುಬಿಟ್ಟೆ. ಕೂತಲ್ಲಿಂದಲೇ ಎಲ್ಲ ಹೇಳಿದೆ. ಟಿಕಳಿ ಹಚ್ಚಿದ್ದು, ಗುರಿ ಹಿಡಿದದ್ದು, ಮಗಳು ತೊಡೆಯೇರಿದ್ದು.

ನಮ್ಮವರು ತಂದೆಯ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಅಪ್ಪನಿಗೆ ನೀವು ಎಂದೇ ಮಾತಾಡಿದವರು ಅಂದು ಹಾಗೆ ಮಾತಾಡಲಿಲ್ಲ.

"ನಿನಗ ಬುದ್ಧಿ ಅದನೋ ಇಲ್ಲೋ? ಈ ವಯಸ್ಸಿನಾಗ ಸಿನೆಮಾ ನೋಡಿ ಬಂದೂಕಿನ ಚಟ! ನನ್ನ ಕೂಸು ಇರ್ತಿದ್ದಿಲ್ಲ ಇವತ್ತ."

"ಹೌದು," ಎಂದರು ಮಾವ. "ನಂದs ತಪ್ಪು."

"ಅವರದಲ್ರಿ," ಎಂದೆ. "ತಗೊಳ್ಳೋಣಂದಾಕಿ ನಾ. ಟಿಕಳಿ ಹಚ್ಚಿದಾಕಿ ನಾ. ಹೊಡದಾಕಿ ನಾ."

"ನೀ ಸುಮ್ಮಿರು. ನಿನಗೇನ್ ಗೊತ್ತಿತ್ತು, ಪಾಪ."

ಆ 'ಪಾಪ' ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದರೆ ನನ್ನನ್ನು ಕೇಳುತ್ತಾರೆ, ಮಗಳಿಗೆ ನೆಗಡಿಯಾದರೆ ನನ್ನನ್ನು ಕೇಳುತ್ತಾರೆ. ಬಂದೂಕು ಹಾರಿಸಿದ್ದಕ್ಕೆ ಮಾತ್ರ ಕೇಳಲಿಲ್ಲ. ತಪ್ಪೆಲ್ಲ ಎಪ್ಪತ್ತು ದಾಟಿದ ಮಾವನ ತಲೆಯ ಮೇಲೆ ಹೋಗಿ ಕೂತಿತು, ಅವರು ಅದನ್ನು ಹೊತ್ತುಕೊಂಡು ಮೆಟ್ಟಿಲಿಳಿದು ಹೋದರು. ರಾತ್ರಿ ಊಟಕ್ಕೆ ಬರಲಿಲ್ಲ. ನಾನು ತಟ್ಟೆ ಒಯ್ದಾಗ, "ನಿನ್ನ ಕೈಲಿಂದ ಎಂಥಾದ್ದು ಮಾಡಸ್ತಿದ್ದೆ ಯವ್ವಾ ನಾ," ಎಂದು ಗೋಡೆಯ ಕಡೆ ಮುಖ ಮಾಡಿದರು. ನಾನು ಕ್ಷಮೆ ಕೇಳಲು ಹೋಗಿದ್ದೆ, ಅವರೇ ನನ್ನನ್ನು ಕೇಳುತ್ತಿದ್ದರು.

ನಮ್ಮವರು ನಳಿಗೆಗೆ ನೀರು ತುಂಬಿಸಿಟ್ಟು ಸಟಾಣಾಕ್ಕೆ ಫೋನು ಮಾಡಿದರು. ಕಾಕಾ ಮರುದಿನದ ಮೊದಲ ಬಸ್ಸಿಗೇ ಹೊರಟು ಬಂದರು. ಕೂರಲು ಹೇಳಿದರೂ ಕೂರಲಿಲ್ಲ. ಮಗಳನ್ನು ಹತ್ತಿರ ಕರೆದು ಅವಳ ತಲೆ, ಭುಜ, ಬೆನ್ನು ಸವರಿ ನೋಡಿದರು, ಎಲ್ಲಾದರೂ ಪೆಟ್ಟಾಗಿದೆಯೇನೋ ಎಂಬಂತೆ. ಆಮೇಲೆ ಮರಾಠಿಯಲ್ಲಿ ಹೇಳಿದರು: ಮೆಕ್ಕೆಜೋಳಕ್ಕೆ ಹಂದಿ ಬರುತ್ತವೆಂದು ಅವರ ತಂದೆ ಒಂದು ಸಂಜೆ ಬಂದೂಕು ತುಂಬಿ ಬಾಗಿಲ ಮೂಲೆಗೆ ಇಟ್ಟಿದ್ದರು. ಹೊಲಕ್ಕೆ ಹೋಗುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಹೆಣ ಎತ್ತಿದ ಮೇಲೆ ಮನೆ ತೊಳೆಯುವಾಗ ಕಾಕಾನೇ ಅದನ್ನು ಅಟ್ಟಕ್ಕೆ ಹಾಕಿದ್ದರು. ಒಳಗೆ ಏನಿದೆಯೆಂದು ನೋಡಲಿಲ್ಲ.

"ನನ್ನ ಮನೆಯ ಪ್ರತಿ ಮದುವೆಯ ಫೋಟೋದಲ್ಲೂ ಅದು ಇದೆ. ನಿನ್ನೆಯಿಂದ ಆಲ್ಬಮ್ ನೋಡುತ್ತಾ ಕೂತಿದ್ದೇನೆ. ನನ್ನ ಕಿರಿಯ ಮಗ ಅದರ ಬಾಯಿಯ ಮೇಲೆ ಗದ್ದ ಇಟ್ಟುಕೊಂಡು ನಿಂತಿದ್ದಾನೆ. ನಾನೇ ಹಾಗೆ ನಿಲ್ಲು ಅಂದಿದ್ದೆ, ಸಿನಿಮಾದಲ್ಲಿ ಹಾಗೆ ನಿಲ್ಲುತ್ತಾರೆ ಅಂತ," ಎಂದರು ಕಾಕಾ.

ಅವರು ಅದನ್ನು ತಮ್ಮ ಊರಿನ ಪೊಲೀಸ್ ಠಾಣೆಗೆ ತಾವೇ ಒಪ್ಪಿಸುವುದಾಗಿ ಹೇಳಿದರು. ಮಾವ ಚಪ್ಪಲಿ ಮೆಟ್ಟಿಕೊಂಡು ಎದ್ದರು. ಕೇಳಿ ತಂದದ್ದು ತಾವೇ, ತಾವೂ ಬರುವುದಾಗಿ ಹೇಳಿದರು. ನಾನೂ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಗಂಡಸರು ಮೂವರೂ ಒಟ್ಟಿಗೆ ಬೇಡ ಎಂದರು. ಬಾಡಿಗೆಯ ಜೀಪು ಗಲ್ಲಿ ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಠಾಣೆಯಲ್ಲಿ ಇಬ್ಬರು ಮುದುಕರನ್ನೂ ಇಡೀ ದಿನ ಬೆಂಚಿನ ಮೇಲೆ ಕೂಡಿಸಿದರಂತೆ. ಮನಸಾರೆ ಬೈದು, ಹೇಳಿಕೆ ಬರೆಸಿಕೊಂಡು, ಬಂದೂಕು ಇಟ್ಟುಕೊಂಡು ಕಳಿಸಿದರಂತೆ. ಆಮೇಲೂ ಒಂದೆರಡು ಸಲ ಕರೆಸಿದರು. ಅಲ್ಲಿಗೆ ಮುಗಿಯಿತು. ಠಾಣೆಯ ಕಾಗದದಲ್ಲಿ ನನ್ನ ಹೆಸರು ಎಲ್ಲೂ ಬರಲಿಲ್ಲ.

ಮನೆಯಲ್ಲಿ ಮಧ್ಯಾಹ್ನದ ಸಿನಿಮಾ ನಿಂತುಹೋಯಿತು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಮಾವ ಸುದ್ದಿ ನೋಡಿ ಟಿ.ವಿ. ಆರಿಸಿ ಓಣಿಯ ಗುಡಿಕಟ್ಟೆಗೆ ಹೋಗುತ್ತಿದ್ದರು. ನಾನು ಅಡುಗೆಮನೆಗೆ ಮರಳಿದೆ. ನಮ್ಮವರು ಅಪ್ಪನಿಗೆ ಮತ್ತೆ ನೀವು ಎನ್ನತೊಡಗಿದರು, ಮೊದಲಿಗಿಂತ ಹೆಚ್ಚು ಮೆಲ್ಲಗೆ. ಟಿಕಳಿ ತಂದವನು ನಾನಲ್ಲವೇ ಎಂದು ಒಮ್ಮೆ ನನ್ನೆದುರು ಹೇಳಿದರು. ಹೊಲಿಗೆಯ ಕತ್ತರಿ ಎತ್ತಿಕೊಂಡರೂ ನಾನು ಮಗಳು ಎಲ್ಲಿದ್ದಾಳೆಂದು ನೋಡುತ್ತಿದ್ದೆ. ಅವಳು ನನ್ನ ಎದುರಿಗೆ ಬಂದು ನಿಂತರೆ ಪಕ್ಕಕ್ಕೆ ಸರಿಸುತ್ತಿದ್ದೆ. ಇದೆಲ್ಲದರ ನಡುವೆ, ಹೇಳಲು ನಾಚಿಕೆ, ಸಿನಿಮಾ ನೆನಪಾಗುತ್ತಿತ್ತು. ಆ ಭಾರ ಭುಜಕ್ಕೆ ಒತ್ತಿದಾಗಿನ ಸುಖವೂ ನೆನಪಾಗುತ್ತಿತ್ತು.

ಮುಂದಿನ ವರ್ಷವಿರಬೇಕು, ನಮ್ಮವರೇ ಟಾಕೀಜಿಗೆ ಟಿಕೆಟ್ ತಂದರು. ರಾಜರ ಕಾಲದ ದೊಡ್ಡ ಸಿನಿಮಾ. ಅಪ್ಪನನ್ನು ಮೊದಲಿನಂತೆ ಮಾಡಬೇಕೆಂಬ ಆಸೆ ಅವರಿಗೆ. ಮಾವ ಬಿಳಿ ಅಂಗಿ ಹಾಕಿಕೊಂಡು ಬಂದರು. ಅರ್ಧದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಕೋಟೆಯ ಗೋಡೆಯ ಮೇಲೆ ಸಾಲಾಗಿ ಸೈನಿಕರು ಬಂದೂಕು ಜಡಿಯತೊಡಗಿದರು. ಮಾವ ಮೆಲ್ಲಗೆ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ರಾಣಿ ಒಂದು ಬಂದೂಕು ಎತ್ತಿಕೊಂಡಳು. ಇಡೀ ಟಾಕೀಜು ಸೀಟಿ ಹೊಡೆಯಿತು. ನನ್ನ ಕಣ್ಣು ಮಾತ್ರ ಪರದೆ ಬಿಟ್ಟು ಬರಲೊಲ್ಲದಾಯಿತು. ಅದೇ ನನ್ನನ್ನು ಹೆದರಿಸಿತು. ಮಗಳನ್ನು ಅವಳ ಅಪ್ಪನ ಕಡೆ ಸರಿಸಿ ನಾನೂ ಹೊರಗೆ ಬಂದೆ.

ಮಾವ ಪಾಪ್‌ಕಾರ್ನ್ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ನಾನು ತುಸು ದೂರದಲ್ಲಿ ಕೂತೆ. ಬಾಗಿಲಾಚೆಯಿಂದ ಗುಂಡಿನ ಸಪ್ಪಳ ಕೇಳುತ್ತಿತ್ತು.

"ರಾತ್ರಿಗಿ ಏನ್ ಮಾಡ್ತಿ?" ಎಂದರು.

"ಝುಣಕಾ ಮಾಡ್ಲೇನ್ರಿ?"

"ಮಾಡು. ಭಕ್ಕರಿ ತೆಳ್ಳಗಿರಲಿ."

ಸಿನಿಮಾ ಬಿಟ್ಟಿತು. ಮಗಳು ಗದ್ದಲದೊಳಗಿಂದ ಓಡಿಬಂದು ಅಜ್ಜನ ಮೊಣಕಾಲು ಹಿಡಿದು, ನಾವು ನೋಡದೆ ಬಿಟ್ಟ ಕಥೆಯನ್ನೆಲ್ಲ ಮರಾಠಿಯಲ್ಲಿ ಹೇಳತೊಡಗಿದಳು. ಮಾವ ಬಗ್ಗಿ ಕಿವಿಗೊಟ್ಟರು. "ಹಾಂ, ಆಮ್ಯಾಲ? ರಾಣಿ ಏನ್ ಮಾಡಿದಳು?" ಎಂದು ಕೇಳುತ್ತಲೇ ಹೋದರು. ನಾನು ಮಗಳ ಕೂದಲು ಸರಿಮಾಡುವ ನೆವದಲ್ಲಿ ಹತ್ತಿರ ಸರಿದೆ, ಒಂದು ಮಾತೂ ತಪ್ಪಬಾರದೆಂದು.